ಷುಗರ್ ಅಂದ್ರೆ ಮೊದಲು ಮರಳು, ಜಲ್ಲಿ

ಇಂಗ್ಲಿಷಿನ ‘ಷುಗರ್’ ಪದದ ಬಗ್ಗೆ ನೀವು ಬರೆದ ಲೇಖನ ಓದಿದೆ. ಅದು ಅರಬ್ಬಿಯ ‘ಸುಕ್ಕರ್’ನಿಂದ ಬಂತು ಎಂದು ಹೇಳಿ ಲೇಖನ ಅಲ್ಲಿಗೇ ನಿಂತಿದೆ. ಮಂಡ್ಯದವನಾಗಿ ಅಷ್ಟಕ್ಕೇ ಬಿಡೋಕೆ ಮನಸ್ಸು ಬರಲಿಲ್ಲ. 1933ರಲ್ಲಿ ಮೈಷುಗರ್ ಸಕ್ಕರೆ ಕಂಪನಿ ಹುಟ್ಟಿದ ಊರು ಇದು, ಸ್ವಲ್ಪ ಹಕ್ಕು ಇದೆ ಅಲ್ವಾ!

ಅರಬ್ಬಿಗೆ ಆ ಪದ ಸಿಕ್ಕಿದ್ದು ಪಾರಸಿಯ ‘ಶಕರ್’ನಿಂದ. ಪಾರಸಿಗೆ ಹೋಗಿದ್ದು ನಮ್ಮ ಕಡೆಯಿಂದ, ‘ಶರ್ಕರಾ’ ಎಂಬ ಸಂಸ್ಕೃತ ಪದದಿಂದ. ಅದಕ್ಕೆ ಮೊದಲಿದ್ದ ಅರ್ಥ ಸಿಹಿಯಲ್ಲ, ಜಲ್ಲಿ, ಒರಟು ಮರಳು. ಕಬ್ಬಿನ ಹಾಲು ಕಾಯಿಸಿ ಹರಳುಗಟ್ಟಿದಾಗ ಮರಳಿನ ಹಾಗೆ ಕಂಡಿತು, ಅದೇ ಹೆಸರಾಯಿತು. ಆಲೆಮನೆಯ ಕೊಪ್ಪರಿಗೆ ಪಕ್ಕ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ‘ಸಕ್ಕರೆ’ಯೂ ಶರ್ಕರಾದಿಂದಲೇ ಬಂದದ್ದು. ಹಾಗೆ ನೋಡಿದರೆ ನಮ್ಮ ‘ಕಲ್ಲುಸಕ್ಕರೆ’ಯಲ್ಲಿ ಕಲ್ಲು ಎರಡು ಸಲ ಇದೆ!

‘ಕ್ಯಾಂಡಿ’ಯದ್ದೂ ಇಂಥದ್ದೇ ಕತೆ. ಮೂಲ ‘ಖಂಡ’, ಅಂದರೆ ತುಂಡು. ಬೆಲ್ಲಕ್ಕೆ ಇಂಗ್ಲಿಷಿನವರು ಹೇಳುವ ‘ಜಾಗರಿ’ ಪೋರ್ಚುಗೀಸರ ಬಾಯಿಂದ ಹೋದದ್ದು. ಅದರ ಬೇರೂ ಶರ್ಕರಾನೇ. ಅಂದರೆ ಬೆಲ್ಲ, ಸಕ್ಕರೆ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ತಾಯಿ. 1879ರಲ್ಲಿ ಕಂಡುಹಿಡಿದ ಕೃತಕ ಸಿಹಿ ಸ್ಯಾಕರಿನ್ ಕೂಡ ಇದೇ ಮನೆತನದ್ದು, ಗ್ರೀಕ್, ಲ್ಯಾಟಿನ್ ಸುತ್ತಿಕೊಂಡು ಬಂದ ದೂರದ ನೆಂಟ.

ಇಂಗ್ಲಿಷಿನವರು ಪ್ರೀತಿಯಿಂದ ಕರೆಯೋಕೂ ‘ಷುಗರ್’ ಅಂತಾರೆ ಎಂದು ಬರೆದಿದ್ದೀರಿ. ಸರಿ. ಆದರೆ ನಮ್ಮಲ್ಲಿ ಬೆಳೆದ ಅರ್ಥವನ್ನೇ ಬಿಟ್ಟಿದ್ದೀರಿ. ನಮ್ಮತ್ತೆಗೆ ಟೀ ಕೊಡುವಾಗಲೆಲ್ಲ ಅವರು ಹೇಳೋದು ಒಂದೇ ಮಾತು: “ನಂಗೆ ಷುಗರ್ ಐತೆ ಕಣಪ್ಪ, ಸಕ್ಕರೆ ಹಾಕ್ಬೇಡ.”