ಸ್ಪಷ್ಟನೆ: ಬಡ್ತಿ ಸಿಕ್ಕರೆ ಗ್ರಾಚ್ಯುಟಿಯ ವರ್ಷಗಳು ಅಳಿಸಿಹೋಗುವುದಿಲ್ಲ

‘ಸೂಪರ್‌ವೈಸರ್ ಬಡ್ತಿ ಒಪ್ಪಿದರೆ ಹಳೆಯ ಸೇವೆ ರದ್ದು, ಗ್ರಾಚ್ಯುಟಿಗೆ ಮತ್ತೆ 5 ವರ್ಷ ಕಾಯಬೇಕು’ ಎಂಬ ಸಂದೇಶ ಕಾರವಾರ, ಅಂಕೋಲಾ, ಶಿರಸಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಗ್ರಾಚ್ಯುಟಿ ಎಂದರೆ ವರ್ಷಗಟ್ಟಲೆ ದುಡಿದವರಿಗೆ ಕೆಲಸ ಬಿಡುವಾಗ ಮಾಲಕರು ಕೊಡುವ ಇಡುಗಂಟು.

ಒಂದೇ ಸಂಸ್ಥೆಯೊಳಗೆ ಹುದ್ದೆ ಬದಲಾದರೆ ಸೇವೆ ಕಡಿಯುವುದಿಲ್ಲ. 1972ರ ಗ್ರಾಚ್ಯುಟಿ ಕಾಯ್ದೆಯಿಂದ ಬಂದ ಸೂತ್ರವೇ ಇದಕ್ಕೆ ಆಧಾರ: ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಒಟ್ಟು ಸೇವಾವರ್ಷಗಳಿಂದ ಗುಣಿಸಬೇಕು. ಲೆಕ್ಕಕ್ಕೆ ಬರುವುದು ಕೊನೆಯ ಸಂಬಳ. 7 ವರ್ಷದ ಸೇವೆಗೆ 15,600 ರೂಪಾಯಿ ಸಂಬಳದಲ್ಲಿ 63,000 ಸಿಕ್ಕರೆ, ಬಡ್ತಿಯಿಂದ ಸಂಬಳ 18,200 ಆದಾಗ 73,500 ಸಿಗುತ್ತದೆ. ಅಂದರೆ ಬಡ್ತಿಯಿಂದ ಲಾಭವೇ.

ಎಡವಟ್ಟಾಗುವುದು ಕಾಗದಪತ್ರದಲ್ಲಿ. ರಾಜೀನಾಮೆ ಬರೆಸಿಕೊಂಡು ಹೊಸ ನೇಮಕಾತಿ ಪತ್ರ ಕೊಟ್ಟರೆ ಸೇವೆ ಮುರಿದಂತೆ ಕಾಣುತ್ತದೆ, ಆಮೇಲೆ ತಕರಾರು. ರಾಜೀನಾಮೆ ಕೊಡಬೇಡಿ. ಬಡ್ತಿ ಆದೇಶದಲ್ಲಿ ಮೊದಲು ಕೆಲಸಕ್ಕೆ ಸೇರಿದ ದಿನಾಂಕ ಮತ್ತು ‘ಸೇವೆ ಮುಂದುವರಿದಿದೆ’ ಎಂಬ ಸಾಲು ಬರೆಸಿಕೊಳ್ಳಿ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಾಗದಂತೆ ನೋಡಿಕೊಳ್ಳಿ.

ಮಾಲಕರೂ ಇದನ್ನು ನೋಟಿಸ್ ಬೋರ್ಡಿಗೆ ಹಾಕಲಿ. ಮೇಲೇರುವ ದಾರಿ ಮುಚ್ಚಿದೆ ಎಂದು ನಂಬಿದ ನುರಿತ ಕೈಗಳು ಗೋವಾದಲ್ಲಿ ಕೆಲಸ ಹುಡುಕುತ್ತವೆ. ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಕಳಿಸಬೇಡಿ.