ಏಕ್ ಮೂರ್ತಿ: ನರ್ಮದಾ ಪರಿಕ್ರಮದಲ್ಲಿ ಒಬ್ಬರೇ ನಡೆಯುವವರಿಗೆ ರಾತ್ರಿಯ ಜಾಗ

ನರ್ಮದಾ ಪರಿಕ್ರಮ ಅಂದರೆ ನರ್ಮದಾ ನದಿಯ ಎರಡೂ ದಂಡೆಗುಂಟ ನಡೆದು ಸುತ್ತು ಬರುವ ಯಾತ್ರೆ. ಅದಕ್ಕೆ ಒಬ್ಬರೇ ಹೊರಡುವವರ ಮೊದಲ ಪ್ರಶ್ನೆ "ರಾತ್ರಿ ಎಲ್ಲಿ ಮಲಗೋದು?" ಎರಡನೆಯದು "ಮುಂಚೆ ಫೋನ್ ಮಾಡಿ ಜಾಗ ಹಿಡಿಯೋಕಾಗುತ್ತಾ?" ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಈ ದಾರಿಯಲ್ಲಿ ಒಂಟಿ ನಡಿಗೆಯವರಿಗೆ ಮಲಗಲು ಜಾಗ ಸಿಗದೇ ಹೋಗುವುದು ಅಪರೂಪ. ಸಿಗದ ದಿನ ಕಾರಣ ಹುಡುಕಿದರೆ ಬಹುಪಾಲು ಒಂದೇ ಇರುತ್ತದೆ, ತಡವಾಗಿ ತಲುಪಿದ್ದು. ರಾತ್ರಿಯ ಜಾಗ ತೀರ್ಮಾನವಾಗುವುದು ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ. ಇದೊಂದನ್ನು ಹಿಡಿದುಕೊಂಡರೆ ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ.

ನದಿಯ ಉದ್ದ 1,312 ಕಿ.ಮೀ. ಎರಡೂ ದಂಡೆ ಸೇರಿದರೆ 2,600 ದಾಟುತ್ತದೆ, ಹಿನ್ನೀರುಗಳ ಸುತ್ತುಬಳಸು ಸೇರಿದರೆ ಇನ್ನೂ ಹೆಚ್ಚು. ದಿನಕ್ಕೆ 20ರಿಂದ 25 ಕಿ.ಮೀ. ಹಾಕಿದರೂ ನೂರಕ್ಕೂ ಹೆಚ್ಚು ರಾತ್ರಿಗಳು. ಶಾಸ್ತ್ರೋಕ್ತವಾಗಿ 3 ವರ್ಷ 3 ತಿಂಗಳು 13 ದಿನ ನಡೆಯುವವರ ಲೆಕ್ಕ ಬೇರೆಯೇ. ಅಷ್ಟು ರಾತ್ರಿಗಳ ಪಟ್ಟಿ ಮನೆಯಲ್ಲಿ ಕೂತು ಬರೆದುಕೊಂಡು ಹೋದರೆ ಮೊದಲ ವಾರದಲ್ಲೇ ಅದು ತಪ್ಪುತ್ತದೆ. ಕಾಲಿನ ಬೊಕ್ಕೆ ನಿಮ್ಮ ಪಟ್ಟಿ ಓದುವುದಿಲ್ಲ.

ಹಳೆಯ ಪಟ್ಟಿಗಳನ್ನು ನಂಬಬೇಡಿ ಎನ್ನುವುದಕ್ಕೆ ಇನ್ನೊಂದು ಕಾರಣ ಅಣೆಕಟ್ಟುಗಳು. ಇಂದಿರಾ ಸಾಗರದ ಹಿನ್ನೀರಿಗಾಗಿ 2004ರಲ್ಲಿ ಹರ್ಸೂದ್ ಪಟ್ಟಣವೇ ಖಾಲಿಯಾಯಿತು. ಸರ್ದಾರ್ ಸರೋವರದ ಪೂರ್ಣ ಮಟ್ಟ 138.68 ಮೀಟರ್. ಅದರಡಿ ಹಳೆಯ ಘಾಟುಗಳು, ಗುಡಿಗಳು, ಧರ್ಮಶಾಲೆಗಳು ಎಷ್ಟೋ ಹೋದವು. ಶೂಲಪಾಣೇಶ್ವರನ ಮೂಲ ದೇವಸ್ಥಾನ ನೀರೊಳಗಿದೆ, ಹೊಸದು ಗೋರಾದ ಬಳಿ ಇದೆ. ಬರ್ಗಿ ಅಣೆಕಟ್ಟಿನ ಸುತ್ತಲೂ ದಾರಿ ನದಿಯನ್ನು ಬಿಟ್ಟು ಒಳಗೆ ಸರಿಯುತ್ತದೆ. ಹಾಗಾಗಿ ನದಿ ಹತ್ತಿರವಿದ್ದಲ್ಲಿ ಆಶ್ರಮಗಳು ದಟ್ಟ, ಹಿನ್ನೀರು ಬಳಸುವಲ್ಲಿ ವಿರಳ. ಹಿನ್ನೀರಿನ ಭಾಗಕ್ಕೆ ಬಂದಾಗ ದಿನದ ನಡಿಗೆಯನ್ನು ಐದಾರು ಕಿ.ಮೀ. ಕಡಿಮೆ ಮಾಡಿಕೊಳ್ಳುವುದು ಜಾಣತನ.

ಮೊಬೈಲ್ ಮ್ಯಾಪ್ ಇಲ್ಲಿ ಮಾಡಿಸುವ ದೊಡ್ಡ ತಪ್ಪು ಹೊಸಬರಿಗೆ ಗೊತ್ತಿರುವುದಿಲ್ಲ. ನಡೆಯುತ್ತಿರುವಷ್ಟು ದಿನವೂ ನರ್ಮದೆ ಬಲಗಡೆಗಿರಬೇಕು, ನದಿಯನ್ನು ದಾಟುವಂತಿಲ್ಲ. ಓಂಕಾರೇಶ್ವರದಿಂದ ಹೊರಟು ದಕ್ಷಿಣ ದಂಡೆಯಲ್ಲಿ ಪಶ್ಚಿಮಕ್ಕೆ ಹೋಗುವಾಗ, ಆಚೆ ದಡದಲ್ಲಿ ಮಹೇಶ್ವರದ ದೀಪಗಳು ಕಾಣುತ್ತವೆ. ಮ್ಯಾಪ್ "ತಂಗುವ ಜಾಗ ಇಲ್ಲೇ ಹತ್ತಿರ" ಎನ್ನುತ್ತದೆ. ಅದು ನಿಮ್ಮದಲ್ಲ. ಹಂಡಿಯಾ ದಕ್ಷಿಣ ದಡದಲ್ಲಿದ್ದರೆ ನೇಮಾವರ್ ಎದುರು ದಡದಲ್ಲಿ, ಅಲ್ಲೂ ಇದೇ ಪಾಡು. ಓಂಕಾರೇಶ್ವರದಲ್ಲೇ ಮಾಂಧಾತಾ ದ್ವೀಪಕ್ಕೆ ಪರಿಕ್ರಮ ಮುಗಿಯುವ ತನಕ ಕಾಲಿಡುವಂತಿಲ್ಲ, ಮಮಲೇಶ್ವರದ ಕಡೆಯೇ ಉಳಿಯಬೇಕು. ಜಾಗ ಹುಡುಕುವ ಮೊದಲು ಅದು ಯಾವ ದಂಡೆಯಲ್ಲಿದೆ ಎಂದು ನೋಡಿ. ನಾಲ್ಕು ಗಂಟೆಗೆ ಈ ತಪ್ಪು ಗೊತ್ತಾದರೆ ಕತ್ತಲಲ್ಲಿ ನಡೆಯಬೇಕಾಗುತ್ತದೆ.

ಸರಿ, ಕೇಳುವುದು ಹೇಗೆ. ಮಧ್ಯಾಹ್ನ ಊಟಕ್ಕೆ ನಿಂತಲ್ಲೇ ಮುಂದಿನ ಎರಡು ಜಾಗಗಳ ಹೆಸರು ಕೇಳಿಕೊಳ್ಳಿ, ಒಂದು ಹತ್ತಿರದ್ದು, ಒಂದು ದೂರದ್ದು. ಊರವರು ದೂರವನ್ನು ಯಾವಾಗಲೂ ಕಡಿಮೆ ಹೇಳುತ್ತಾರೆ, ಅವರ ಕಾಲಿನ ಲೆಕ್ಕ ಅದು. ಕನಿಷ್ಠ ಇಬ್ಬರನ್ನು ಕೇಳಿ ಹೆಚ್ಚಿನದನ್ನು ನಂಬಿ. ಆಮೇಲೆ ಮರೆಯಬಾರದ ಪ್ರಶ್ನೆ: "ಬಾಬಾಜಿ ಇದ್ದಾರಾ?" ಸಣ್ಣ ಆಶ್ರಮ ಅಂದರೆ ಎಷ್ಟೋ ಕಡೆ ಒಬ್ಬ ಸಾಧು, ಒಂದು ಗುಡಿಸಲು. ಅವರು ಊರಿಗೆ ಹೋಗಿದ್ದರೆ ಬಾಗಿಲಿಗೆ ಬೀಗ. ಆಶ್ರಮ ಇದೆ ಎನ್ನುವುದಕ್ಕೂ ಆಶ್ರಮದಲ್ಲಿ ಜನ ಇದ್ದಾರೆ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ.

ತಲುಪಿದ ಮೇಲೆ ಮೊದಲ ಮಾತು "ನರ್ಮದೇ ಹರ್". ಚೀಲ ಇಳಿಸಿ ಜಾಗ ಹಿಡಿದು ಕೂರಬೇಡಿ. ಮೊದಲು ನಮಸ್ಕಾರ, ಆಮೇಲೆ "ಮಹಾರಾಜ್, ಆಸನ್ ಲಗಾನೇ ಕೀ ಜಗಹ್ ಮಿಲೇಗೀ?" ಅಲ್ಲಿ ರೂಮು, ಬೆಡ್ಡು ಎನ್ನುವ ಮಾತಿಲ್ಲ. ಹಾಸಿಗೆ ಹಾಸುವುದಕ್ಕೆ 'ಆಸನ ಹಾಕುವುದು' ಎನ್ನುತ್ತಾರೆ. ಅವರ ಮರುಪ್ರಶ್ನೆ "ಕಿತನೀ ಮೂರ್ತಿ?", ಅಂದರೆ ಎಷ್ಟು ಜನ? ಪರಿಕ್ರಮಾವಾಸಿಗಳನ್ನು ಎಣಿಸುವುದು ಮೂರ್ತಿಯ ಲೆಕ್ಕದಲ್ಲಿ. "ಏಕ್ ಮೂರ್ತಿ" ಎಂದರೆ ಅವರಿಗೂ ಹಗುರ. ಹದಿನೈದು ಜನರ ತಂಡ ಬಂದರೆ ಹಿಟ್ಟು ಮತ್ತೆ ಕಲಸಬೇಕು, ಒಬ್ಬರಿಗಾದರೆ ಎರಡು ರೊಟ್ಟಿ ಹೆಚ್ಚು ತಟ್ಟಿದರಾಯಿತು, ಜಗಲಿಯ ಮೂಲೆ ಸಾಕು. ಒಂಟಿತನವೇ ಇಲ್ಲಿ ಅನುಕೂಲ ಎಂದು ನಾನು ಹೇಳುವುದು ಇದಕ್ಕೇ.

ಅನಾನುಕೂಲ ಅಂದರೆ ಅನುಮಾನ. ತಂಡದವರನ್ನು ಯಾರೂ ವಿಚಾರಿಸುವುದಿಲ್ಲ, ಒಬ್ಬರೇ ಬಂದವರನ್ನು ವಿಚಾರಿಸುತ್ತಾರೆ, ಅದು ತಪ್ಪೂ ಅಲ್ಲ. ಹೊರಡುವ ಊರಿನ ಪಂಚಾಯಿತಿ ಅಥವಾ ನಗರ ಪರಿಷತ್ತಿನಿಂದ ಪರಿಕ್ರಮಾವಾಸಿ ಎಂಬ ಪ್ರಮಾಣಪತ್ರ ಮಾಡಿಸಿಕೊಳ್ಳಿ. ದಾರಿಯ ಆಶ್ರಮಗಳಲ್ಲಿ ಒಂದು ನೋಟ್‌ಬುಕ್ಕಿಗೆ ಮುದ್ರೆ ಹಾಕಿಸಿಕೊಳ್ಳುತ್ತಾ ಹೋಗಿ. ಹಿಂದಿನ ರಾತ್ರಿಯ ಮುದ್ರೆ ಮುಂದಿನ ರಾತ್ರಿಯ ಪರಿಚಯ ಪತ್ರ. ಆಧಾರ್ ಜೆರಾಕ್ಸ್ ಹತ್ತು ಪ್ರತಿಯಾದರೂ ಪ್ಲಾಸ್ಟಿಕ್ ಕವರಿನಲ್ಲಿ ಇರಲಿ. ಅಸಲು ಕಾರ್ಡು ಎಲ್ಲೂ ಕೊಟ್ಟು ಬರಬೇಡಿ.

ಆಶ್ರಮ ಇಲ್ಲದ ಊರಿನಲ್ಲಿ ಗುಡಿ, ಶಾಲೆ, ಪಂಚಾಯಿತಿ ಕಟ್ಟಡ. ಶಾಲೆಯ ವಿಷಯದಲ್ಲಿ ಎಡವುವವರು ಬಹಳ. ಮೇಷ್ಟ್ರು ಸಂಜೆ ತಮ್ಮ ಊರಿಗೆ ಹೊರಟುಬಿಡುತ್ತಾರೆ, ಆಮೇಲೆ ಬೀಗದ ಕೈ ಹುಡುಕುವುದೇ ಒಂದು ಕೆಲಸ. ಶಾಲೆ ಬಿಡುವ ಮೊದಲೇ ಹೋಗಿ ಕೇಳಿದರೆ ಕೋಣೆ ಸಿಗುತ್ತದೆ, ತಡವಾದರೆ ಜಗಲಿ. ಜಗಲಿಯಲ್ಲಿ ನಾಯಿ, ದನ, ಚಳಿ ಮೂರೂ ಇರುತ್ತವೆ. ಡಿಸೆಂಬರಿನಲ್ಲಿ ಆರರ ಸುಮಾರಿಗೇ ಕತ್ತಲಾಗುತ್ತದೆ ಎನ್ನುವುದೂ ನೆನಪಿರಲಿ.

ಪಂಚಾಂಗ ನೋಡದೆ ನಡೆಯಬೇಡಿ. ಕಾರ್ತಿಕ ಹುಣ್ಣಿಮೆ, ಮಕರ ಸಂಕ್ರಾಂತಿ, ಮಾಘ ಶುದ್ಧ ಸಪ್ತಮಿಯ ನರ್ಮದಾ ಜಯಂತಿ, ಅಮಾವಾಸ್ಯೆಗಳು, ಅದರಲ್ಲೂ ಸೋಮವತಿ ಅಮಾವಾಸ್ಯೆ ಬಂತೆಂದರೆ ಘಾಟಿರುವ ಊರುಗಳು ತುಂಬಿ ತುಳುಕುತ್ತವೆ. ಹಿಂದಿನ ದಿನವೇ ಘಾಟಿಗಿಂತ ಒಂದು ಊರು ಹಿಂದೆ ನಿಂತುಬಿಡಿ. ಬಸ್ಸಿನಲ್ಲಿ ಪರಿಕ್ರಮ ಮಾಡುವ ತಂಡಗಳೂ ದೊಡ್ಡ ಊರಿನ ಧರ್ಮಶಾಲೆಗಳನ್ನೇ ಹಿಡಿಯುತ್ತವೆ. ನನ್ನ ಅಭಿಪ್ರಾಯದಲ್ಲಿ ಒಂಟಿ ನಡಿಗೆಯವರು ಬಡವಾನಿ, ನರ್ಮದಾಪುರಂ, ಮಂಡ್ಲಾದಂಥ ಪಟ್ಟಣಗಳಲ್ಲಿ ಉಳಿಯಬೇಕಾದದ್ದು ಔಷಧಿ, ಬ್ಯಾಂಕು, ಚಪ್ಪಲಿ ರಿಪೇರಿಯಂಥ ಕೆಲಸ ಇದ್ದಾಗ ಮಾತ್ರ. ಮಲಗಲು ಹಳ್ಳಿಯೇ ವಾಸಿ.

ಬಡವಾನಿ ದಾಟಿದ ಮೇಲಿನ ಶೂಲಪಾಣಿ ಝಾಡಿ ಎಂಬ ಕಾಡಿಗೆ ಬೇರೆ ನಿಯಮ. ಗುಡ್ಡ, ಏರಿಳಿತ, ಚದುರಿದ ಭಿಲ್ಲ ಹಾಡಿಗಳು, ಮಧ್ಯಪ್ರದೇಶದಿಂದ ಮಹಾರಾಷ್ಟ್ರದ ತುದಿ ಹಾದು ಗುಜರಾತಿಗೆ ಇಳಿಯುವ ದಾರಿ. ಇಲ್ಲಿ "ಇನ್ನೊಂದು ಐದು ಕಿ.ಮೀ. ಹೋಗಿಬಿಡೋಣ" ಎನ್ನುವ ಆಸೆ ಬೇಡ. ಎರಡು ಗಂಟೆಗೆ ಜಾಗ ಸಿಕ್ಕರೆ ಎರಡು ಗಂಟೆಗೇ ಆಸನ ಹಾಕಿ. ಹಿಂದಿನ ತಂಗುದಾಣದಲ್ಲೇ ಇಬ್ಬರು ಮೂವರನ್ನು ಜೊತೆ ಮಾಡಿಕೊಂಡು ಹೋಗುವುದು ಸರಿ. ಒಬ್ಬರೇ ಹೊರಟಿದ್ದೇವೆಂಬ ಹಠ ಇಲ್ಲಿ ಯಾರಿಗೂ ಬೇಕಿಲ್ಲ.

ಒಂಟಿ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕು. ಸಾಧು ಒಬ್ಬರೇ ಇರುವ ಆಶ್ರಮಗಳಲ್ಲಿ ಎಷ್ಟೋ ಸಲ ಅವರೇ ಬೇಡ ಎನ್ನುತ್ತಾರೆ, ಅದನ್ನು ಅವಮಾನ ಎಂದುಕೊಳ್ಳಬೇಡಿ. ಮಾತಾಜಿ ಇರುವ ಆಶ್ರಮ, ಸಂಸಾರಸ್ಥರು ನಡೆಸುವ ಅನ್ನಕ್ಷೇತ್ರ, ಇಲ್ಲವಾದರೆ ಹಳ್ಳಿಯ ಮನೆ, ಈ ಕ್ರಮದಲ್ಲಿ ಕೇಳಿ. ಮನೆಯಲ್ಲಿ ಗಂಡಸರನ್ನು ಕೇಳುವ ಬದಲು ಅಡುಗೆ ಮನೆಯ ಕಡೆ ಹೋಗಿ ಹೆಂಗಸರನ್ನೇ ಕೇಳಿ, ಅಂಗನವಾಡಿ ಕಾರ್ಯಕರ್ತೆ ಸಿಕ್ಕರೆ ಇನ್ನೂ ಒಳ್ಳೆಯದು. ಮನಸ್ಸು ಒಪ್ಪದ ಜಾಗದಲ್ಲಿ ಸಂಕೋಚಕ್ಕೆ ಬಿದ್ದು ಉಳಿಯಬೇಡಿ. ಹಾಗೆ ಎದ್ದು ಹೋಗಲು ಬೆಳಕು ಬೇಕು, ಆದ್ದರಿಂದ ನೀವು ಮೂರು ಗಂಟೆಗೇ ನಿಲ್ಲುವ ಲೆಕ್ಕ ಹಾಕಿ.

ಹಾಸಿಗೆ ನಿಮ್ಮದೇ ಇರಬೇಕು. ಕೆಳಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಸುತ್ತಿ ಒಯ್ಯುವ ಫೋಮ್ ಚಾಪೆ, ಒಂದು ದಪ್ಪ ಕಂಬಳಿ. ಸಾವಿರ ಮೀಟರ್ ಎತ್ತರದ ಅಮರಕಂಟಕ, ಅದರ ಕೆಳಗಿನ ಡಿಂಡೋರಿ ಕಡೆ ಡಿಸೆಂಬರ್, ಜನವರಿಯ ರಾತ್ರಿಗೆ ಆಶ್ರಮದ ಕಂಬಳಿಯೊಂದೇ ಸಾಲದು. ತಟ್ಟೆ, ಲೋಟ, ಟಾರ್ಚ್, ಪವರ್ ಬ್ಯಾಂಕ್ ಸ್ವಂತದ್ದು. ಇಪ್ಪತ್ತು ಜನರಿಗೆ ಒಂದು ಪ್ಲಗ್ಗು ಇರುವ ಕಡೆ ಫೋನು ಚಾರ್ಜಿಗಿಟ್ಟು ಮಲಗಿದರೆ ಬೆಳಿಗ್ಗೆ ಫೋನು ಇರುತ್ತದೆ ಎನ್ನಲಾಗದು. ಕೆಲವೆಡೆ ಬೇಯಿಸಿದ ಊಟದ ಬದಲು ಸದಾವ್ರತ ಕೊಡುತ್ತಾರೆ, ಅಂದರೆ ಹಿಟ್ಟು, ಬೇಳೆ, ಅಕ್ಕಿ, ಉಪ್ಪು. ಅದನ್ನು ಬೇಯಿಸಿಕೊಳ್ಳಲು ಒಂದು ಸಣ್ಣ ಪಾತ್ರೆ ಬೇಕಾಗುತ್ತದೆ.

ಯಾರೂ ಬಾಡಿಗೆ ಕೇಳುವುದಿಲ್ಲ ಎಂದರೆ ಖರ್ಚಿಲ್ಲ ಎಂದಲ್ಲ. ಆ ಹಿಟ್ಟು ಯಾರದೋ ಹೊಲದ್ದು. ಕಾಣಿಕೆ ಡಬ್ಬಿಗೆ ಹಾಕಿ, ಡಬ್ಬಿ ಇಲ್ಲದಿದ್ದರೆ ಹತ್ತಿರದ ಅಂಗಡಿಯಿಂದ ಬೇಳೆಯೋ ಚಹಾ ಪುಡಿಯೋ ತಂದಿಡಿ. ಬೆಳಿಗ್ಗೆ ಮಲಗಿದ ಜಾಗ ಗುಡಿಸಿ ಹೊರಡಿ. ಕಾಲು ನೋವು, ಜ್ವರ ಬಂದು ಎರಡನೇ ರಾತ್ರಿ ಬೇಕಾದರೆ ಸುಮ್ಮನೆ ಮಲಗಿರದೆ ಬೆಳಿಗ್ಗೆಯೇ ಹೇಳಿ ಕೇಳಿ. ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ. ಚಾತುರ್ಮಾಸ್ಯಕ್ಕೆ ನಿಲ್ಲುವವರು ಮಾತ್ರ ಆಷಾಢ ಏಕಾದಶಿಗೆ ಒಂದು ತಿಂಗಳು ಮೊದಲೇ ಜಾಗ ಮಾತಾಡಿಕೊಂಡಿರಬೇಕು. ನಾಲ್ಕು ತಿಂಗಳ ಊಟ, ಜಾಗ ಸಣ್ಣ ಆಶ್ರಮಕ್ಕೆ ಭಾರವೇ.

ಮೊದಲೇ ವಿಚಾರಿಸಿ ಹೋಗಬೇಕಾದ ಇನ್ನೊಂದು ಜಾಗ ವಿಮಲೇಶ್ವರ. ಅಲ್ಲಿಂದ ಖಾರಿ, ಅಂದರೆ ನದಿ ಸಮುದ್ರ ಸೇರುವ ಅಳಿವೆ, ದಾಟಿ ಉತ್ತರ ದಂಡೆಯ ಮೀಠೀ ತಲಾಯಿಗೆ ದೋಣಿ. ದೋಣಿ ಬಿಡುವುದು ಉಬ್ಬರ ನೋಡಿ, ಗಡಿಯಾರ ನೋಡಿ ಅಲ್ಲ. ಒಂದು ದಿನ ತಪ್ಪಿದರೆ ಜನ ಸೇರುತ್ತಾ ಹೋಗುತ್ತಾರೆ, ಮಲಗಲು ಮಗ್ಗುಲು ಬದಲಿಸುವಷ್ಟೂ ಜಾಗ ಇರುವುದಿಲ್ಲ. ಎರಡು ಮೂರು ದಿನ ಮೊದಲೇ ದಾರಿಯ ಆಶ್ರಮಗಳಲ್ಲಿ ದೋಣಿ ನಡೆಯುತ್ತಿದೆಯೇ, ಎಷ್ಟು ಜನ ಕಾಯುತ್ತಿದ್ದಾರೆ ಎಂದು ಕೇಳಿ. ಗುಂಪು ಹೆಚ್ಚಿದ್ದರೆ ಹಿಂದಿನ ಊರಿನಲ್ಲೇ ಒಂದು ದಿನ ನಿಲ್ಲಿ. ದೋಣಿ ಹತ್ತುವ ಮುಂಚೆ ಕಂಬಳಿಯನ್ನೂ ಕಾಗದಗಳನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಿಗಿಯಾಗಿ ಕಟ್ಟಿ. ಆಚೆ ದಡದಲ್ಲಿ ಇಳಿಯುವುದು ಕೆಸರಿಗೆ, ಆ ರಾತ್ರಿ ಹೊದೆಯಲು ಇರುವುದು ಅದೊಂದೇ ಕಂಬಳಿ.