ಸೋತದ್ದು ಕೈಯಲ್ಲ, ಸಿಗದೇ ಹೋದದ್ದು ಜಾಗ

ಬ್ರಿಟಿಷ್ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಅವರ 1986ರ ‘ಆಗಸ್ಟ್’ ಆಲ್ಬಮ್ ಸಪ್ಪೆಯಾಗಲು ಅವರ ಕೈ ಸೋತದ್ದೇ ಕಾರಣ ಅಂತ ಬರೆದಿದ್ದೀರಿ ಸರ್. ಆಲ್ಬಮ್ ನಿರಾಸೆ ತರುವುದು ನಿಜ, ಆದರೆ ಕಾರಣ ಬೇರೆ. ಹನ್ನೆರಡು ಬಾರಿನ (ಬಾರ್ ಅಂದರೆ ತಾಳದ ಒಂದು ಸುತ್ತು) ಬ್ಲೂಸ್ ಶೈಲಿಯ ಹಾಡಿನಲ್ಲಿ ಸಾಲಿಗೆ 4 ಬಾರ್. ದನಿ ಸುಮಾರು 2 ಬಾರಿನಲ್ಲಿ ಮುಗಿಯುತ್ತದೆ, ಉಳಿದ 2ರಲ್ಲಿ ಗಿಟಾರ್ ಉತ್ತರ ಹೇಳಬೇಕು. ಈ ಆಲ್ಬಮ್‌ನ ಪಾಪ್ ಹಾಡುಗಳಲ್ಲಿ ಅಂಥ ಬಿಡುವನ್ನೆಲ್ಲ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ ನುಂಗಿದೆ. ಗಿಟಾರಿನ ಜೀವ ಇರುವ 500 ಹರ್ಟ್ಸ್‌ನಿಂದ 3 ಕಿಲೋಹರ್ಟ್ಸ್ ಕಂಪನಾಂಕದ ಪಟ್ಟಿಯಲ್ಲೇ ಅದೂ ಕೂತಿರುವುದರಿಂದ ತಂತಿ ಎಳೆದಾಗಿನ ಆ ನರಳಿಕೆ ಕೇಳುವುದೇ ಇಲ್ಲ. ಮೇಲಿಂದ ನಿರ್ಮಾಪಕ ಫಿಲ್ ಕಾಲಿನ್ಸ್ ಅವರ ದಪ್ಪ ಡ್ರಮ್.

1966ರಲ್ಲಿ ಬ್ಲೂಸ್ ಗಾಯಕ ಜಾನ್ ಮೇಯಾಲ್ ಜೊತೆ ಕ್ಲ್ಯಾಪ್ಟನ್ ಮಾಡಿದ ಆಲ್ಬಮ್ ಹಾಕಿ ನೋಡಿ. ಲೆಸ್ ಪಾಲ್ ಗಿಟಾರ್, ಜೋರಾಗಿ ತಿರುಗಿಸಿದ ಮಾರ್ಷಲ್ ಕಾಂಬೊ (ಸ್ಪೀಕರ್ ಒಳಗೇ ಇರುವ ಆಂಪ್ಲಿಫೈಯರ್), ಅಷ್ಟೇ! 1994ರ ‘ಫ್ರಮ್ ದ ಕ್ರೇಡಲ್’ನಲ್ಲಿ ಹಳೆಯ ಬ್ಲೂಸ್ ಹಾಡುಗಳನ್ನೇ ಸ್ಟುಡಿಯೋದಲ್ಲಿ ಎಲ್ಲರೂ ಒಟ್ಟಿಗೆ ಕೂತು ನುಡಿಸಿದರು. ಕೈ ಸೋತಿದ್ದರೆ ಅದು ಸಾಧ್ಯವಿತ್ತೇ?

ಇನ್ನೊಂದು ಮಾತು, ನಮ್ಮ ಮಡಿಕೇರಿ, ಭಾಗಮಂಡಲ ಕಡೆಯವರಿಗೆ. ಕಕ್ಕಡ ತಿಂಗಳ ಮಳೆ ತಗಡಿನ ಶೀಟಿನ ಮೇಲೆ ಬೀಳುವಾಗ ‘ಆಗಸ್ಟ್’ ಅನ್ನು ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಡಬೇಡಿ. ಮಳೆಸದ್ದು ಗಿಟಾರಿನ ಮೇಲ್ಸ್ವರಗಳನ್ನು ಮುಚ್ಚಿ ಡ್ರಮ್ಮನ್ನಷ್ಟೇ ಉಳಿಸುತ್ತದೆ. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ, ಈಕ್ವಲೈಸರಿನಲ್ಲಿ (ಬೇರೆ ಬೇರೆ ಕಂಪನಾಂಕದ ಸದ್ದನ್ನು ಏರಿಸಿ ಇಳಿಸುವ ಸಾಧನ) 200 ಹರ್ಟ್ಸ್ ಸುತ್ತ 3 ಡೆಸಿಬೆಲ್ ಇಳಿಸಿ, 1.5 ಕಿಲೋಹರ್ಟ್ಸ್‌ನಲ್ಲಿ 2 ಏರಿಸಿ. ಮೊದಲು ಆ ಆಲ್ಬಮ್‌ನ ‘ಮಿಸ್ ಯೂ’ ಹಾಡು ಕೇಳಿ. ಅದರಲ್ಲಿ ಗಿಟಾರಿಗೆ ಉಸಿರಾಡಲು ಜಾಗ ಬಿಟ್ಟಿದ್ದಾರೆ.